ತಿಂಗಳ ಪುಸ್ತಕದ ಬಾಕ್ಸ್: ಮೂರು ತಿಂಗಳು ತರಿಸಿ ನೋಡುವುದು ಹೇಗೆ?

ಮಕ್ಕಳ ಪುಸ್ತಕಗಳನ್ನು ತಿಂಗಳಿಗೊಮ್ಮೆ ಬಾಕ್ಸಿನಲ್ಲಿ ತುಂಬಿ ಮನೆಗೆ ಕಳಿಸುವ ಸೇವೆಗಳು ಈಗ ಮೈಸೂರು, ಮಂಡ್ಯದ ಮನೆಗಳಿಗೂ ಬರುತ್ತಿವೆ. ಮಗುವಿನ ವಯಸ್ಸು ತಿಳಿಸಿ ಹಣ ಕಟ್ಟಿದರೆ ಎರಡೋ ಮೂರೋ ಪುಸ್ತಕ, ಜೊತೆಗೆ ಒಂದಿಷ್ಟು ಸ್ಟಿಕ್ಕರ್, ಬಣ್ಣ ತುಂಬುವ ಹಾಳೆ ಬರುತ್ತವೆ. ಕೆಲವು ಬಾಕ್ಸಿನಲ್ಲಿ ಅಪ್ಪ ಅಮ್ಮನಿಗೂ ಒಂದು ಪುಸ್ತಕ ಇರುತ್ತದೆ. ಬಾಕ್ಸ್ ಬಿಚ್ಚುವ ದಿನ ಮನೆಯಲ್ಲಿ ಹಬ್ಬ. ಆದರೆ ದುಡ್ಡು ಸಾರ್ಥಕವಾಯಿತೋ ಇಲ್ಲವೋ ಎಂಬುದು ಆ ದಿನ ಗೊತ್ತಾಗುವುದಿಲ್ಲ. ಹತ್ತು ದಿನ ಕಳೆದ ಮೇಲೂ ಮಗು ಅದೇ ಪುಸ್ತಕ ಹಿಡಿದುಕೊಂಡು ಬಂದು "ಇನ್ನೊಂದ್ಸಲ ಓದು" ಎನ್ನುತ್ತದೆಯೇ? ಅಳತೆಗೋಲು ಅದೊಂದೇ. ಈ ಲೇಖನದಲ್ಲಿ ಹೇಳಿರುವ ಎಲ್ಲ ಹೆಜ್ಜೆಗಳೂ ಆ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೇ ಇವೆ.

ಈ ಸೇವೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬಂದ ಪುಸ್ತಕ ನಿಮ್ಮದೇ. ಇನ್ನೊಂದು ಮನೆಗೇ ಬರುವ ಗ್ರಂಥಾಲಯದ ಹಾಗೆ: ಓದಿ ವಾಪಸ್ ಕಳಿಸಿದರೆ ಮುಂದಿನ ಕಂತು ಬರುತ್ತದೆ. ಮೂರು ವರ್ಷದೊಳಗಿನ ಮಗುವಿದ್ದರೆ ಎರಡನೆಯ ಬಗೆ ಬೇಡ. ಆ ವಯಸ್ಸಿಗೆ ಪುಸ್ತಕವನ್ನು ಕಚ್ಚುವುದು, ಹರಿಯುವುದು, ನೆಲಕ್ಕೆ ಕುಟ್ಟುವುದು ಎಲ್ಲವೂ ಓದಿನ ಭಾಗವೇ. "ಹರೀಬೇಡ, ವಾಪಸ್ ಕೊಡ್ಬೇಕು" ಎಂದು ನೀವು ಇಪ್ಪತ್ತು ಸಲ ಹೇಳಿದರೆ ಮಗು ಪುಸ್ತಕವನ್ನೇ ದೂರ ಇಡುತ್ತದೆ. ನಾಲ್ಕು ದಾಟಿದ ಮಕ್ಕಳಿಗೆ ವಾಪಸ್ ಕೊಡುವ ಬಗೆಯೇ ಅಗ್ಗ, ಕಪಾಟಿನಲ್ಲಿ ಜಾಗವೂ ಉಳಿಯುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿದ್ಧವಾಗಿ ಸಿಗುವ ಬಾಕ್ಸ್‌ಗಳಲ್ಲಿ ಬಹುಪಾಲು ಇಂಗ್ಲಿಷ್ ಪುಸ್ತಕಗಳೇ. ಕನ್ನಡ ಬೇಕೆಂದು ಕೇಳಿದರೆ ಕೆಲವರು ಒಂದು ದ್ವಿಭಾಷಾ ಪುಸ್ತಕ ಸೇರಿಸುತ್ತಾರೆ, ಅಷ್ಟೆ. ಆದ್ದರಿಂದ ಕನ್ನಡದ ಪಾಲನ್ನು ನೀವೇ ಜೋಡಿಸಬೇಕಾಗುತ್ತದೆ. ಅದು ಕಷ್ಟವೇನಲ್ಲ, ಖರ್ಚೂ ಕಡಿಮೆ. ಹೇಗೆಂದು ಕೊನೆಯ ಭಾಗದಲ್ಲಿದೆ.

ಆರ್ಡರ್ ಮಾಡುವ ಮೊದಲು: ಮಗು ಎಲ್ಲಿದೆ ಎಂದು ನೋಡಿ

ಬಾಕ್ಸ್ ಕಂಪನಿಗಳು ಕೇಳುವುದು ವಯಸ್ಸು ಮಾತ್ರ. "3ರಿಂದ 6" ಎಂದು ಒಂದೇ ಗುಂಪು ಮಾಡಿರುತ್ತಾರೆ. ಮೂರು ವರ್ಷದ ಮಗುವಿಗೂ ಆರು ವರ್ಷದ ಮಗುವಿಗೂ ಒಂದೇ ಪುಸ್ತಕ ಹೊಂದುವುದಿಲ್ಲ ಎಂದು ಯಾವ ಅಜ್ಜಿಯಾದರೂ ಹೇಳಿಯಾರು. ಜೊತೆಗೆ ಒಂದೇ ಮಗುವಿನಲ್ಲಿ ಎರಡು ಮಟ್ಟಗಳಿರುತ್ತವೆ: ಕೇಳಿ ಅರ್ಥಮಾಡಿಕೊಳ್ಳುವ ಮಟ್ಟ, ತಾನೇ ಓದುವ ಮಟ್ಟ. ಐದು ವರ್ಷದ ಮಗು ಉದ್ದನೆಯ ಕಥೆಯನ್ನು ಕಣ್ಣರಳಿಸಿ ಕೇಳುತ್ತದೆ, ಆದರೆ ಓದಲು ಕೂತರೆ ಮೂರಕ್ಷರದ ಪದಕ್ಕೇ ತಡವರಿಸುತ್ತದೆ. ಬಾಕ್ಸಿನಲ್ಲಿ ಈ ಎರಡೂ ಮಟ್ಟಕ್ಕೆ ಒಂದೊಂದು ಪುಸ್ತಕ ಬೇಕು. ಎಲ್ಲವೂ ಕೇಳುವ ಮಟ್ಟದ್ದಾದರೆ ಮಗು ತಾನೇ ಓದಲು ಶುರುಮಾಡುವುದಿಲ್ಲ. ಎಲ್ಲವೂ ಓದುವ ಮಟ್ಟದ್ದಾದರೆ ಕಥೆ ಸಪ್ಪೆಯಾಗಿ ಬೇಸರ ಬರುತ್ತದೆ.

ತಾನೇ ಓದುವ ಮಟ್ಟವನ್ನು ತಿಳಿಯಲು ಒಂದು ಸುಲಭದ ದಾರಿಯಿದೆ. ಮಗು ಮೊದಲು ನೋಡಿರದ ಒಂದು ಪುಟವನ್ನು ಓದಿಸಿ. ತಡೆದು ನಿಂತ ಪ್ರತಿ ಪದಕ್ಕೂ ಒಂದು ಬೆರಳು ಮಡಚಿ. ಒಂದೂ ಮಡಚದಿದ್ದರೆ ಅಥವಾ ಒಂದೇ ಆದರೆ ಆ ಪುಸ್ತಕ ಸುಲಭದ್ದು. ಎರಡು ಮೂರಾದರೆ ಸರಿಯಾಗಿ ಹೊಂದುತ್ತದೆ. ಐದೂ ಬೆರಳು ಮಡಚಿದರೆ ಅದು ನೀವು ಓದಿ ಹೇಳಬೇಕಾದ ಪುಸ್ತಕ. ಹಾಗೆಂದು ಅದನ್ನು ಪಕ್ಕಕ್ಕಿಡಬೇಕಿಲ್ಲ, ಕೇಳುವ ಪುಸ್ತಕಗಳ ಸಾಲಿಗೆ ಸೇರಿಸಿ.

ಕನ್ನಡದಲ್ಲಿ ಇನ್ನೂ ಒಂದು ಅಂಶ ನೋಡಬೇಕು. ಕನ್ನಡ ಓದಲು ಕಲಿಯುವ ಮಗುವಿಗೆ ಪದದ ಉದ್ದಕ್ಕಿಂತ ಒತ್ತಕ್ಷರ ಹೆಚ್ಚು ತೊಡಕು. "ಮರ", "ಹಾಲು", "ಕಾಡು" ಎಂದು ಸರಾಗವಾಗಿ ಓದುವ ಮಗು "ಸ್ನೇಹ", "ದೃಷ್ಟಿ" ಬಂದಾಗ ನಿಂತುಬಿಡುತ್ತದೆ. ಪುಟದ ಮೇಲೆ ಒಮ್ಮೆ ಕಣ್ಣು ಹಾಯಿಸಿ ಒತ್ತಕ್ಷರ ಎಣಿಸಿ. ಐದಾರಕ್ಕಿಂತ ಹೆಚ್ಚಿದ್ದರೆ ಹೊಸದಾಗಿ ಓದುವ ಮಗುವಿಗೆ ಅದು ಬೇಡ. ಅಕ್ಷರದ ಗಾತ್ರವೂ ಮುಖ್ಯ. ಒತ್ತು ಕೆಳಗೆ ಬರುವುದರಿಂದ ಕನ್ನಡದಲ್ಲಿ ಸಾಲಿಗೂ ಸಾಲಿಗೂ ನಡುವೆ ಜಾಗ ಬೇಕು. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮಗುವಿನ ಕಣ್ಣು ತಪ್ಪುತ್ತದೆ. ಇಂಗ್ಲಿಷಿನ ಅಳತೆಯಲ್ಲೇ ಕನ್ನಡ ಪಠ್ಯ ತುಂಬಿಸಿದ ದ್ವಿಭಾಷಾ ಪುಸ್ತಕಗಳಲ್ಲಿ ಈ ದೋಷ ಸಾಮಾನ್ಯ.

ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ ಓದುವ ಮಗುವಾದರೆ ಯಾವ ಅಕ್ಷರಗಳವರೆಗೆ ಬಂದಿದೆ ಎಂದು ಮೇಷ್ಟ್ರನ್ನೋ ಟೀಚರನ್ನೋ ಕೇಳಿ. 1995ರಲ್ಲಿ ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಅಷ್ಟು ಕಲಿತ ಮಗು "ಅರಸ", "ಸರ", "ಗರಗಸ" ಓದಬಲ್ಲದು, ಆದರೆ "ಆನೆ", "ಇಲಿ" ಓದದು. ಅಂಥ ಮಗುವಿಗೆ ಅ-ಆ-ಇ-ಈ ಚಿತ್ರಪುಸ್ತಕ ಕೊಟ್ಟು "ಇಷ್ಟೂ ಬರಲ್ವಾ?" ಎಂದರೆ ತಪ್ಪು ಮಗುವಿನದಲ್ಲ.

ಇನ್ನು ಕಪಾಟಿನ ಕೆಲಸ. ಮನೆಯಲ್ಲಿರುವ ಪುಸ್ತಕಗಳ ಬೆನ್ನು ಕಾಣುವಂತೆ ಜೋಡಿಸಿ ಒಂದು ಫೋಟೊ ತೆಗೆಯಿರಿ. ಬಾಕ್ಸ್ ಕಳಿಸುವವರಿಗೆ ಅದನ್ನು ವಾಟ್ಸ್‌ಆಪ್ ಮಾಡಿ "ಇವು ನಮ್ಮಲ್ಲಿವೆ, ಬೇಡ" ಎಂದು ಬರೆಯಿರಿ. ಬಾಕ್ಸ್ ಸೇವೆಗಳ ಬಗ್ಗೆ ಬರುವ ದೂರುಗಳಲ್ಲಿ ಮೊದಲನೆಯದೇ ಇದು: ಇದ್ದ ಪುಸ್ತಕವೇ ಮತ್ತೆ ಬಂತು. ಹೆಸರಾದ ಪುಸ್ತಕಗಳು ಎಲ್ಲರ ಮನೆಯಲ್ಲೂ ಇರುತ್ತವೆ, ಎಲ್ಲ ಬಾಕ್ಸಿನಲ್ಲೂ ಬರುತ್ತವೆ. ನಕಲು ಬಂದರೆ ಬದಲಿಸಿಕೊಡುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿ ಇರಲಿ.

ಬೆಲೆಯ ಲೆಕ್ಕ

ಹಿಂದಿನ ತಿಂಗಳ ಬಾಕ್ಸಿನಲ್ಲಿ ಏನೇನಿತ್ತು ಎಂದು ಕೇಳಿದರೆ ಒಳ್ಳೆಯ ಸೇವೆಯವರು ಮುಚ್ಚುಮರೆಯಿಲ್ಲದೆ ಪಟ್ಟಿ ಕೊಡುತ್ತಾರೆ. ಅದರಲ್ಲಿರುವ ಪುಸ್ತಕಗಳ ಮುದ್ರಿತ ಬೆಲೆ ಕೂಡಿಸಿ. ಬಾಕ್ಸಿಗೆ 900 ರೂಪಾಯಿ ಎಂದುಕೊಳ್ಳಿ. ಮಗುವಿನ ಮೂರು ಪುಸ್ತಕ 250, 199, 150. ದೊಡ್ಡವರ ಪುಸ್ತಕ 180. ಒಟ್ಟು 779. ಉಳಿದ 121 ರೂಪಾಯಿ ಆರಿಸುವ, ಕಟ್ಟುವ, ಕಳಿಸುವ ಕೆಲಸಕ್ಕೆ. ಇದು ನ್ಯಾಯ. ಅದೇ ಪುಸ್ತಕಗಳಿಗೆ 1,400 ಕೇಳಿ, "ಜೊತೆಗೆ ಗೊಂಬೆ, ಬುಕ್‌ಮಾರ್ಕ್, ಸರ್ಟಿಫಿಕೇಟ್ ಇದೆ" ಎಂದರೆ ಹೆಚ್ಚುವರಿ 500 ರೂಪಾಯಿ ಗೊಂಬೆಗೆ ಹೋಗುತ್ತಿದೆ ಎಂದು ತಿಳಿಯಿರಿ. ಅಚ್ಚಾದ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಆಟಿಕೆಯ ಮೇಲಿದೆ. ಬಿಲ್ಲು ನೋಡಿದರೆ ಯಾವುದಕ್ಕೆ ಎಷ್ಟು ಹೋಯಿತು ಎಂಬುದರ ಸುಳಿವು ಅಲ್ಲೇ ಸಿಗುತ್ತದೆ.

ಪುಸ್ತಕದ ಒಳಪುಟದಲ್ಲಿ ಮುದ್ರಣದ ವರ್ಷ ಇರುತ್ತದೆ. ಪಟ್ಟಿಯಲ್ಲಿರುವುದೆಲ್ಲ ಹಳೆಯ, ಮಾರಾಟವಾಗದೆ ಉಳಿದ ದಾಸ್ತಾನಿನಂತೆ ಕಂಡರೆ ಅಲ್ಲಿ ಆಯ್ಕೆ ಎಂಬುದು ನಡೆಯುತ್ತಿಲ್ಲ, ಗೋದಾಮು ಖಾಲಿಯಾಗುತ್ತಿದೆ, ಅಷ್ಟೆ. ಹಳೆಯದು ಎಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ. ಎಷ್ಟೋ ಒಳ್ಳೆಯ ಮಕ್ಕಳ ಪುಸ್ತಕಗಳು ದಶಕಗಳಿಂದ ಮರುಮುದ್ರಣವಾಗುತ್ತಿವೆ. ವ್ಯತ್ಯಾಸ ಗೊತ್ತಾಗುವುದು "ಮರುಮುದ್ರಣ" ಎಂಬ ಸಾಲಿನಿಂದ.

ಗೊಂಬೆ, ಪಜಲ್ ಏನಾದರೂ ಬಂದರೆ ಅದರ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಮೂರು ವರ್ಷದೊಳಗಿನ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ ಸಣ್ಣ ಮಣಿ, ಗುಂಡಿ, ಆಯಸ್ಕಾಂತದ ತುಂಡುಗಳನ್ನು ಬಾಕ್ಸ್ ಬಿಚ್ಚಿದ ಕೂಡಲೇ ಎತ್ತಿಡಿ.

ಆರ್ಡರ್: ತಾರೀಖು, ವಿಳಾಸ, ಹಣ

ವರ್ಷದ ಚಂದಾಕ್ಕೆ ರಿಯಾಯಿತಿ ತೋರಿಸುತ್ತಾರೆ. ಬೇಡ. ಮೂರು ತಿಂಗಳಿಗೆ ಕಟ್ಟಿ. ಒಂದೇ ಬಾಕ್ಸಿನಿಂದ ಏನೂ ತಿಳಿಯುವುದಿಲ್ಲ, ಮೊದಲ ಬಾಕ್ಸನ್ನು ಎಲ್ಲರೂ ಚೆನ್ನಾಗಿಯೇ ಕಳಿಸುತ್ತಾರೆ. ಮೂರನೆಯದು ನಿಜ ಹೇಳುತ್ತದೆ.

ಶುರುಮಾಡುವ ತಿಂಗಳನ್ನೂ ಯೋಚಿಸಿ ಆರಿಸಿ. ಜೂನ್‌ನಲ್ಲಿ ಶಾಲೆ, ಯೂನಿಫಾರ್ಮ್, ನೋಟ್‌ಬುಕ್ಕಿಗೆ ಬೈಂಡು ಹಾಕುವ ಗಲಾಟೆ. ಹೊಸ ಪುಸ್ತಕ ಮೂಲೆ ಸೇರುತ್ತದೆ. ಬೇಸಿಗೆ ರಜೆಯಲ್ಲಿ ಮಗು ಅಜ್ಜಿ ಮನೆಯಲ್ಲಿರುತ್ತದೆ, ಬಾಕ್ಸ್ ನಿಮ್ಮ ಮನೆಗೆ ಬರುತ್ತದೆ. ಜುಲೈಯಿಂದ ಸೆಪ್ಟೆಂಬರ್, ಇಲ್ಲವೇ ದಸರಾ ರಜೆ ಮುಗಿದ ಮೇಲಿನ ನವೆಂಬರ್‌ನಿಂದ ಜನವರಿ, ಹೀಗೆ ಬಾಕ್ಸ್ ತರಿಸಿ ನೋಡಲು ಅನುಕೂಲ.

ಪ್ರತಿ ಸೇವೆಯಲ್ಲೂ ಮೂರು ತಾರೀಖುಗಳಿರುತ್ತವೆ: ಆ ತಿಂಗಳ ಬಾಕ್ಸಿಗೆ ಹೆಸರು ಸೇರಿಸುವ ಕೊನೆಯ ದಿನ, ಹಣ ಕಡಿತವಾಗುವ ದಿನ, ಪಾರ್ಸೆಲ್ ಹೊರಡುವ ದಿನ. ಇವು ಬೇರೆ ಬೇರೆ. ಕೊನೆಯ ದಿನ 20 ಎಂದಿದ್ದು ನೀವು 22ಕ್ಕೆ ಸೇರಿದರೆ ಆ ತಿಂಗಳ ಬಾಕ್ಸ್ ತಪ್ಪುತ್ತದೆ. ಹಣ ಮಾತ್ರ ಈಗ ಒಂದು ಸಲ, 1ನೇ ತಾರೀಖು ಇನ್ನೊಂದು ಸಲ ಹೋಗುತ್ತದೆ. ಕೈಗೆ ಒಂದು ಬಾಕ್ಸೂ ಬಂದಿರುವುದಿಲ್ಲ. "ಎರಡು ಸಲ ದುಡ್ಡು ಹಿಡಿದ್ರು" ಎಂಬ ಜಗಳಗಳಲ್ಲಿ ಹಲವು ಹುಟ್ಟುವುದು ಇಲ್ಲಿ. ಮೂರೂ ತಾರೀಖು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ವಿಳಾಸದಲ್ಲಿ ಮೈಸೂರಿನವರು ಮನೆ ನಂಬರ್, ಕ್ರಾಸ್, ಮೇನ್, ಹಂತ ಅಥವಾ ಬ್ಲಾಕ್ ನಾಲ್ಕನ್ನೂ ಬರೆಯಲೇಬೇಕು. ವಿಜಯನಗರ ಎಂದಷ್ಟೇ ಬರೆದರೆ ಮೊದಲ ಹಂತಕ್ಕೂ ನಾಲ್ಕನೇ ಹಂತಕ್ಕೂ ನಡುವೆ ಕೊರಿಯರ್ ಹುಡುಗ ಅಲೆಯುತ್ತಾನೆ. ಪಿನ್ ಕೋಡ್ ಊರಿನದಲ್ಲ, ನಿಮ್ಮ ಬಡಾವಣೆಯದು ಹಾಕಿ: ಸರಸ್ವತಿಪುರಂ 570009, ಕುವೆಂಪುನಗರ 570023. ಮಂಡ್ಯ ಪೇಟೆ 571401. ಹಳ್ಳಿಯ ವಿಳಾಸವಾದರೆ ಊರು, ಅಂಚೆ, ಹೋಬಳಿ, ತಾಲ್ಲೂಕು ಕ್ರಮವಾಗಿ ಬರೆದು, "ಹಾಲಿನ ಡೈರಿ ಎದುರು" ಎಂಬಂಥ ಗುರುತು ಸೇರಿಸಿ. ಕೆಲವು ಖಾಸಗಿ ಕೊರಿಯರ್‌ಗಳು ತಾಲ್ಲೂಕು ಕೇಂದ್ರದವರೆಗೆ ಮಾತ್ರ ಬಂದು, ಒಂದು ಫೋನ್ ಮಾಡಿ, ನೀವು ಎತ್ತದಿದ್ದರೆ ಪಾರ್ಸೆಲನ್ನು ವಾಪಸ್ ಕಳಿಸಿಬಿಡುತ್ತವೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಳ್ಳಿಗಳವರು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ಎಂದು ಕೇಳಿಕೊಳ್ಳುವುದು ವಾಸಿ, ಅಂಚೆಯಣ್ಣನಿಗೆ ಮನೆ ಗೊತ್ತಿರುತ್ತದೆ.

ಹಣವನ್ನು ಸಾಧ್ಯವಾದರೆ ಮೂರು ತಿಂಗಳಿಗೂ ಒಟ್ಟಿಗೆ ಒಂದೇ ಸಲ ಕಟ್ಟಿ, ತಾನಾಗಿ ಕಡಿತವಾಗುವ ಒಪ್ಪಿಗೆ ಕೊಡಬೇಡಿ. ಯುಪಿಐ ಆಟೋಪೇ ಅಥವಾ ಕಾರ್ಡ್ ಮೂಲಕವೇ ಆಗಬೇಕು ಎಂದರೆ ನಿಯಮ ತಿಳಿದಿರಲಿ: ಮೊದಲ ಸಲ ನಿಮ್ಮ ಪಿನ್ ಅಥವಾ ಒಟಿಪಿ ಬೇಕು. ಆಮೇಲೆ 15,000 ರೂಪಾಯಿಯೊಳಗಿನ ಕಂತುಗಳು ಒಟಿಪಿ ಇಲ್ಲದೆಯೇ ಹೋಗುತ್ತವೆ. ಆದರೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆ ಮೆಸೇಜನ್ನು ಜಾಹೀರಾತು ಎಂದುಕೊಂಡು ಅಳಿಸುವವರೇ ಹೆಚ್ಚು.

ಬಾಕ್ಸ್ ಬಂದ ದಿನ

ಟೇಪ್ ಕತ್ತರಿಸುವ ಮೊದಲು ಮೊಬೈಲನ್ನು ಯಾರಾದರೂ ಹಿಡಿದುಕೊಳ್ಳಲಿ. ವಿಳಾಸದ ಚೀಟಿಯಿಂದ ಶುರುಮಾಡಿ, ಒಳಗಿನ ಕೊನೆಯ ಪುಸ್ತಕ ಹೊರಬರುವ ತನಕ ತುಂಡಾಗದ ಒಂದೇ ವಿಡಿಯೊ. ಪುಸ್ತಕ ಕಡಿಮೆ ಬಂತು, ಮೂಲೆ ಜಜ್ಜಿತ್ತು ಎಂದು ಆಮೇಲೆ ಹೇಳಿದರೆ ಮಾರುವವರು ಕೇಳುವ ಮೊದಲ ಪ್ರಶ್ನೆ "ವಿಡಿಯೊ ಇದೆಯಾ?" ಎಂಬುದೇ.

ಪುಸ್ತಕದ ಮೂಲೆ ಜಜ್ಜುವುದಕ್ಕೆ ಕಾರಣ ಸಾಮಾನ್ಯವಾಗಿ ದೊಡ್ಡ ಬಾಕ್ಸ್. ಒಳಗೆ ಸಡಿಲ ಜಾಗ ಇದ್ದರೆ ದಾರಿಯುದ್ದಕ್ಕೂ ಪುಸ್ತಕ ಅತ್ತಿತ್ತ ಬಡಿಯುತ್ತದೆ. ಇನ್ನೊಂದು ಕಾರಣ ನೀರು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ರಟ್ಟಿನ ಬಾಕ್ಸ್ ತೋಯ್ದರೆ ಒಳಗಿನ ಬೋರ್ಡ್ ಬುಕ್ (ದಪ್ಪ ರಟ್ಟಿನ ಪುಟಗಳ ಪುಸ್ತಕ) ಉಬ್ಬಿ, ಪದರ ಬಿಚ್ಚಿಕೊಳ್ಳುತ್ತದೆ. ಅದನ್ನು ಒಣಗಿಸಿದರೂ ಸರಿಹೋಗುವುದಿಲ್ಲ, ಬದಲಿ ಕೇಳಿ. ತೆಳು ಕಾಗದದ ಪುಸ್ತಕ ಸ್ವಲ್ಪವೇ ತೋಯ್ದಿದ್ದರೆ ಪುಟಗಳ ನಡುವೆ ಟಿಶ್ಯೂ ಇಟ್ಟು, ಫ್ಯಾನಿನ ಕೆಳಗೆ ಆರಿಸಿ, ಆಮೇಲೆ ಭಾರ ಹೇರಿ. ಬಿಸಿಲಿಗೆ ಇಡಬೇಡಿ, ರಕ್ಷಾಪುಟ ಮುದುಡುತ್ತದೆ.

ಪ್ರತಿ ಪುಸ್ತಕದ ಪುಟ ಸಂಖ್ಯೆಗಳ ಮೇಲೆ ಬೆರಳೋಡಿಸಿ. ಮುದ್ರಣದಲ್ಲಿ ಎಂಟು ಅಥವಾ ಹದಿನಾರು ಪುಟಗಳ ಮಡಿಕೆಯನ್ನು ಒಟ್ಟಿಗೆ ಜೋಡಿಸುತ್ತಾರೆ. ಒಂದು ಮಡಿಕೆ ತಪ್ಪಿದರೆ 16ರ ನಂತರ ನೇರ 33 ಬರುತ್ತದೆ, ಕೆಲವೊಮ್ಮೆ ತಲೆಕೆಳಗಾಗಿಯೂ ಹೊಲಿದಿರುತ್ತದೆ. ವಾಪಸ್ ಕೊಡುವ ಬಗೆಯ ಬಾಕ್ಸಾದರೆ ಈಗಾಗಲೇ ಹರಿದಿರುವ, ಗೀಚಿರುವ ಪುಟಗಳ ಫೋಟೊ ತೆಗೆದು ಅವತ್ತೇ ಕಳಿಸಿಬಿಡಿ. ಇಲ್ಲದಿದ್ದರೆ ಹಿಂದಿನ ಮನೆಯ ಮಗು ಹರಿದದ್ದಕ್ಕೆ ನಿಮ್ಮ ಠೇವಣಿ ಕತ್ತರಿಸುತ್ತಾರೆ.

ದೂರಿದ್ದರೆ 48 ಗಂಟೆಯೊಳಗೆ ಬರಹದಲ್ಲಿ ಕೊಡಿ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕೇಳಿಸಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈಗ ಮುಖ್ಯ ಸಂಗತಿ: ಎಲ್ಲ ಪುಸ್ತಕವನ್ನೂ ಒಂದೇ ದಿನ ಮಗುವಿನ ಮುಂದೆ ಸುರಿಯಬೇಡಿ. ಒಂದನ್ನು ಕೊಡಿ. ಉಳಿದವು ಬೀರುವಿನ ಮೇಲಿರಲಿ, ವಾರಕ್ಕೊಂದು ಇಳಿಯಲಿ. ಒಟ್ಟಿಗೆ ಕೊಟ್ಟರೆ ಮಗು ಮೂರನ್ನೂ ತಿರುವಿ, ಸ್ಟಿಕ್ಕರ್ ಹಿಡಿದು ಓಡುತ್ತದೆ. ಸ್ಟಿಕ್ಕರ್, ಬಣ್ಣದ ಹಾಳೆಗಳನ್ನು ಕಥೆ ಓದಿ ಮುಗಿದ ಮೇಲೆಯೇ ತೆಗೆಯಿರಿ. ಅವು ಮೊದಲೇ ಕೈಗೆ ಸಿಕ್ಕರೆ ಆ ದಿನ ಪುಸ್ತಕಕ್ಕೆ ಗತಿಯಿಲ್ಲ.

ಓದುವುದು: ಮಗು, ಮತ್ತು ನೀವು

ಬಾಕ್ಸ್ ತರಿಸಿ ಮಗುವಿನ ಕೈಗೆ ಕೊಟ್ಟು ನೀವು ಮೊಬೈಲ್ ಹಿಡಿದರೆ ಯಾವ ಬಾಕ್ಸೂ ಗೆಲ್ಲುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಒಂದೇ ಹೊತ್ತು ಇರಲಿ. ರಾತ್ರಿ ಊಟವಾದ ಮೇಲೆ, ಹಾಸಿಗೆ ಹಾಸುವ ಮೊದಲು ಎಂಬುದು ಬಹಳ ಮನೆಗಳಿಗೆ ಹೊಂದುತ್ತದೆ.

ಚಿತ್ರಪುಸ್ತಕವನ್ನು ಮೊದಲ ಸಲ ನಿಲ್ಲಿಸದೆ ಓದಿ, ಕಥೆ ಒಮ್ಮೆ ಪೂರ್ತಿ ಕೇಳಲಿ. ಎರಡನೇ ಓದಿನಿಂದ ಮಾತು ಸೇರಿಸಿ. ಮಕ್ಕಳ ಜೊತೆ ಮಾತಾಡುತ್ತಾ ಓದುವ ಈ ಕ್ರಮವನ್ನು ಅಧ್ಯಯನ ಮಾಡಿದವರು ನಾಲ್ಕು ಹಂತ ಹೇಳುತ್ತಾರೆ: ಕೇಳುವುದು, ಉತ್ತರವನ್ನು ಒಪ್ಪುವುದು ಅಥವಾ ತಿದ್ದುವುದು, ಅದಕ್ಕೊಂದಿಷ್ಟು ಸೇರಿಸುವುದು, ಮಗುವಿನಿಂದ ಮತ್ತೆ ಹೇಳಿಸುವುದು. ಮನೆಮಾತಿನಲ್ಲಿ ಅದು ಹೀಗಿರುತ್ತದೆ:

"ಇದೇನು ಪುಟ್ಟಾ?"
"ನಾಯಿ."
"ಹೂಂ, ನಾಯಿ. ಕಂದು ನಾಯಿ, ಓಡ್ತಾ ಇದೆ. ಏನು ಓಡ್ತಾ ಇದೆ?"
"ಕಂದು ನಾಯಿ ಓಡ್ತಾ ಇದೆ."

ಪುಟಕ್ಕೆ ಇಂಥದ್ದು ಒಂದು ಸಾಕು. ಪ್ರತಿ ಚಿತ್ರಕ್ಕೂ ಪ್ರಶ್ನೆ ಕೇಳುತ್ತಾ ಹೋದರೆ ಕಥೆ ಪರೀಕ್ಷೆಯಾಗುತ್ತದೆ. ಕೊನೆಗೆ "ಈ ಕಥೆಯ ನೀತಿ ಏನು?" ಎಂದು ಕೇಳುವ ಚಟ ನಮ್ಮಲ್ಲಿ ಬಹಳ, ದಯವಿಟ್ಟು ಬಿಡಿ. "ನೀನಾಗಿದ್ರೆ ಏನ್ಮಾಡ್ತಿದ್ದೆ?" ಎಂದು ಕೇಳಿ, ಉತ್ತರ ಎಲ್ಲಿಗಾದರೂ ಹೋಗಲಿ.

ಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ಇರುವ ಅಂತರ ಚಿಕ್ಕ ಮಕ್ಕಳನ್ನು ತಡೆಯುತ್ತದೆ. ಪುಸ್ತಕದಲ್ಲಿ "ಅವನು ಹೋಗುತ್ತಿದ್ದಾನೆ" ಎಂದಿರುತ್ತದೆ; ಮೈಸೂರಿನ ಮನೆಯಲ್ಲಿ ಅದು "ಹೋಗ್ತಿದಾನೆ", ಮಂಡ್ಯದಲ್ಲಿ "ಹೋಯ್ತಾವ್ನೆ". ಮೊದಲ ಸಲ ನಿಮ್ಮ ಮನೆಯ ಮಾತಿನಲ್ಲೇ ಹೇಳಿ. ಕಥೆ ಹಿಡಿದ ಮೇಲೆ ಎರಡನೇ ಸಲದಿಂದ ಅಚ್ಚಾದಂತೆಯೇ, ಪದದ ಕೆಳಗೆ ಬೆರಳಿಟ್ಟು ಓದಿ. ದ್ವಿಭಾಷಾ ಪುಸ್ತಕವಾದರೆ ಒಂದು ಸಲ ಕೂತಾಗ ಒಂದೇ ಭಾಷೆ. ಒಂದು ವಾಕ್ಯ ಇಂಗ್ಲಿಷ್, ಕೂಡಲೇ ಅದರ ಕನ್ನಡ ಎಂದು ಓದಿದರೆ ಮಗು ಇಂಗ್ಲಿಷ್ ವಾಕ್ಯ ಬಂದಾಗ ಕಿವಿ ಮುಚ್ಚಿಕೊಂಡು ಕನ್ನಡಕ್ಕೆ ಕಾಯುತ್ತದೆ, ಕಥೆಯ ಓಟವೂ ಕೆಡುತ್ತದೆ.

ಓದಲು ಬಾರದ ಅಜ್ಜಿ, ಕಣ್ಣು ಮಂಜಾದ ತಾತ ಮನೆಯಲ್ಲಿದ್ದರೆ ಬಾಕ್ಸಿನವರಿಗೆ ಪದಗಳಿಲ್ಲದ ಚಿತ್ರಕಥೆ ಬೇಕೆಂದು ಹೇಳಿ. ಅಜ್ಜಿ ಹೇಳುವ ಕಥೆ ದಿನಕ್ಕೊಂದು ತರಹ ಇರುತ್ತದೆ, ಮೊಮ್ಮಗು ತಿದ್ದುತ್ತದೆ. ಇಂಥ ಪುಸ್ತಕ ದುಡ್ಡಿಗೆ ಮೋಸ ಎಂದುಕೊಳ್ಳುವವರಿದ್ದಾರೆ. ಅತಿ ಹೆಚ್ಚು ಸಲ ತೆರೆಯುವ ಪುಸ್ತಕಗಳಲ್ಲಿ ಇವೂ ಸೇರಿವೆ.

ದೊಡ್ಡವರ ಪುಸ್ತಕದ ಬಗ್ಗೆ ಎರಡು ಮಾತು. ಮಕ್ಕಳನ್ನು ಬೆಳೆಸುವುದು ಹೇಗೆ ಎಂಬ ಪುಸ್ತಕವನ್ನು ಆ ಜಾಗಕ್ಕೆ ತುಂಬುವ ಸೇವೆಗಳಿವೆ. ಅದು ನಿಮ್ಮ ಓದಲ್ಲ, ನಿಮಗೊಂದು ಹೋಂವರ್ಕ್. ನಿಮಗೆ ಬೇಕಾದ್ದು ಸಣ್ಣಕಥೆ, ಪ್ರಬಂಧ, ಪ್ರವಾಸಕಥನ: ನೂರರಿಂದ ನೂರೈವತ್ತು ಪುಟ, ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಹಿಡಿಯುವಂಥದ್ದು. ಮಗು ತನ್ನ ಪುಸ್ತಕ ನೋಡುವಾಗ ಪಕ್ಕದಲ್ಲಿ ಕೂತು ನಿಮ್ಮದನ್ನು ಓದಿ. ಮೊದಲ ವಾರ ಮಗು ಐದು ನಿಮಿಷ ಸುಮ್ಮನಿದ್ದರೆ ಹೆಚ್ಚು. ನಡುವೆ ಬಂದು ನಿಮ್ಮ ಪುಸ್ತಕ ಎಳೆದರೆ ಒಂದು ಪ್ಯಾರಾ ಗಟ್ಟಿಯಾಗಿ ಓದಿ ತೋರಿಸಿ, ಅರ್ಥವಾಗದಿದ್ದರೂ ಪರವಾಗಿಲ್ಲ. ಅಪ್ಪನೂ ಓದಬೇಕು. ಓದಿಸುವುದು ಅಮ್ಮನ ಕೆಲಸ ಎಂದಾದ ಮನೆಯಲ್ಲಿ ಗಂಡುಮಕ್ಕಳು ಓದನ್ನು ಬೇಗ ಬಿಡುತ್ತಾರೆ ಎಂಬುದು ಮಕ್ಕಳಿಗೆ ಓದಿಸುವವರ ನಡುವೆ ಆಗಾಗ ಕೇಳಿಬರುವ ಮಾತು.

ಮೂರು ತಿಂಗಳ ಲೆಕ್ಕದ ಪುಸ್ತಕ

ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಪುಸ್ತಕದ ಹೆಸರು, ಮೊದಲು ಓದಿದ ದಿನ, ಆಮೇಲೆ ಮಗುವೇ ಕೇಳಿ ಓದಿಸಿಕೊಂಡ ಪ್ರತಿ ಸಲಕ್ಕೂ ಒಂದು ಗೆರೆ. ನೀವಾಗಿ ಓದಿದ್ದಕ್ಕೆ ಗೆರೆ ಇಲ್ಲ. ಅರ್ಧಕ್ಕೆ ಬಿಟ್ಟದ್ದಕ್ಕೆ ಕಾರಣ ಒಂದೇ ಪದದಲ್ಲಿ: ಉದ್ದ, ಕಷ್ಟ, ಹೆದರಿಕೆ, ಬೇಸರ.

ಮೂರನೇ ಬಾಕ್ಸಿನ ಕೊನೆಯ ಪುಸ್ತಕಕ್ಕೂ ಹತ್ತು ದಿನವಾದ ಮೇಲೆ ಎಣಿಸಿ. ಬಂದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎರಡು ಗೆರೆಯಾದರೂ ಬಿದ್ದಿದ್ದರೆ ಸೇವೆ ಮುಂದುವರಿಸಬಹುದು. ಮೂರನೇ ಒಂದು ಪಾಲಿಗೂ ಬೀಳದಿದ್ದರೆ ನಿಲ್ಲಿಸಿ. ನಡುವೆ ಇದ್ದರೆ ಕಾರಣದ ಪದಗಳನ್ನು ನೋಡಿ. ಎಲ್ಲ ಕಡೆ "ಕಷ್ಟ" ಎಂದಿದ್ದರೆ ತೊಂದರೆ ಬಾಕ್ಸಿನದಲ್ಲ, ವಯಸ್ಸಿನ ಗುಂಪಿನದು. ಒಂದು ಮೆಟ್ಟಿಲು ಕೆಳಗಿನ ಗುಂಪಿಗೆ ಬದಲಿಸಿ ಕೇಳಿ. ಬಾಕ್ಸ್‌ಗಳು ಬಿಚ್ಚದೆಯೇ ಬೀರುವಿನ ಮೇಲೆ ಕೂತಿದ್ದರೆ ಅದು ನಿಮ್ಮ ಸಮಯದ ಪ್ರಶ್ನೆ, ಎರಡು ತಿಂಗಳಿಗೊಮ್ಮೆ ಬರುವಂತೆ ಮಾಡಿ.

ನಿಲ್ಲಿಸುವಾಗ ಎರಡು ಕೆಲಸ ಬೇರೆ ಬೇರೆಯಾಗಿ ಮಾಡಬೇಕು. ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಉತ್ತರ ಉಳಿಸಿಕೊಳ್ಳಿ. ಯುಪಿಐ ಆಪಿನ ಆಟೋಪೇ ಅಥವಾ ಮ್ಯಾಂಡೇಟ್ ವಿಭಾಗಕ್ಕೆ ಹೋಗಿ ಅಲ್ಲಿಯೂ ರದ್ದುಮಾಡಿ. ಸೇರುವ ಬಟನ್ ದೊಡ್ಡದು, ಬಿಡುವ ಬಟನ್ ಎಲ್ಲೋ ಅಡಗಿದೆ ಎಂದಾದರೆ, ಅಂಥ ಚಂದಾ ಬಲೆಯನ್ನು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿಗಳು ನಿಷೇಧಿಸಿವೆ. 1915ಕ್ಕೆ ಇದನ್ನೂ ಹೇಳಬಹುದು.

ಕನ್ನಡದ ಬಾಕ್ಸ್ ಮನೆಯಲ್ಲೇ

ಒಂದು ಶೂ ಡಬ್ಬಿ ತೆಗೆದುಕೊಳ್ಳಿ. ತಿಂಗಳ ಮೊದಲ ಭಾನುವಾರ ಅದಕ್ಕೆ ನಾಲ್ಕು ಪುಸ್ತಕ ಬೀಳಬೇಕು: ಕೊಂಡದ್ದು ಒಂದು, ಗ್ರಂಥಾಲಯದ್ದು ಒಂದು, ಮನೆಯಲ್ಲಿ ಅಚ್ಚು ಹಾಕಿದ್ದು ಒಂದು, ನಿಮ್ಮದು ಒಂದು.

ಕೊಳ್ಳುವುದಕ್ಕೆ ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದವರ ಕನ್ನಡ ಮಕ್ಕಳ ಪುಸ್ತಕಗಳಿಂದ ಶುರುಮಾಡಿ. ದ್ವಿಭಾಷಾ ಪುಸ್ತಕ ಬೇಕಾದರೆ ತೂಲಿಕಾ. ತೆಳ್ಳನೆಯ ಚಿತ್ರಪುಸ್ತಕಗಳಲ್ಲಿ ಎಷ್ಟೋ ನೂರು ರೂಪಾಯಿಯೊಳಗೇ ಸಿಗುತ್ತವೆ. ಅಂಗಡಿಯಲ್ಲೇ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ಅನುವಾದದ ಪುಸ್ತಕಗಳಲ್ಲಿ ಕೆಲವು ನಾಲಗೆಗೆ ಹೊರಳುವುದೇ ಇಲ್ಲ. ನಿಮಗೆ ಎಡವಿದ್ದು ಮಗುವಿಗೂ ಎಡವುತ್ತದೆ. ವರ್ಷದ ಖರೀದಿಯನ್ನು ದಸರಾ ಪುಸ್ತಕ ಮೇಳಕ್ಕೋ, ರಿಯಾಯಿತಿ ಸಿಗುವ ರಾಜ್ಯೋತ್ಸವದ ನವೆಂಬರಿಗೋ ಇಟ್ಟುಕೊಂಡರೆ ಉಳಿತಾಯ.

ಗ್ರಂಥಾಲಯಕ್ಕೆ ಮೈಸೂರಿನಲ್ಲಿ ನಗರ ಕೇಂದ್ರ ಗ್ರಂಥಾಲಯ ಮತ್ತು ಅದರ ಶಾಖೆಗಳು, ಮಂಡ್ಯದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ. ವಿಳಾಸದ ದಾಖಲೆ, ಫೋಟೊ, ಸಣ್ಣದೊಂದು ಠೇವಣಿ ಸಿದ್ಧವಿರಲಿ. ಸೋಮವಾರ ರಜೆ ಇರುವುದುಂಟು, ವಿಚಾರಿಸಿ ಹೋಗಿ. ಆಸ್ತಿ ತೆರಿಗೆಯ ಜೊತೆ ನೀವು ಶೇ. 6ರಷ್ಟು ಗ್ರಂಥಾಲಯ ಕರ ಹೇಗೂ ಕಟ್ಟುತ್ತಿದ್ದೀರಿ. ಪುಸ್ತಕ ತರಲು ಸಂಕೋಚವೇಕೆ? ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಅಚ್ಚು ಹಾಕುವುದಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ. ಅಲ್ಲಿ ಕನ್ನಡ ಕಥೆಗಳನ್ನು ಓದಿನ ಹಂತ 1ರಿಂದ 4ರವರೆಗೆ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಪಿಡಿಎಫ್ ಇಳಿಸಿಕೊಂಡು ಹಾಗೆಯೇ ಜೆರಾಕ್ಸ್ ಅಂಗಡಿಗೆ ಒಯ್ಯಿರಿ. ವರ್ಡ್‌ನಲ್ಲಿ ತೆರೆದರೆ ಒತ್ತಕ್ಷರಗಳು ಚದುರಿಹೋಗುವುದುಂಟು. 16 ಪುಟದ ಕಥೆಗೆ ನಾಲ್ಕು ಎ4 ಹಾಳೆ ಸಾಕು, ಎರಡೂ ಬದಿ. ಅಂಗಡಿಯವರಿಗೆ "ಬುಕ್‌ಲೆಟ್, ಗಿಡ್ಡ ಅಂಚಿಗೆ ತಿರುಗಿಸಿ" ಎಂದು ಹೇಳಿ. ಉದ್ದ ಅಂಚಿಗೆ ತಿರುಗಿಸಿದರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗು. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗದಿದ್ದರೆ ಕೊನೆಯಲ್ಲಿ ಖಾಲಿ ಪುಟ ಉಳಿಯುತ್ತದೆ, ಅಲ್ಲಿ ಮಗು ಚಿತ್ರ ಬರೆಯಲಿ. ಅಡ್ಡ ಪುಟದ ಕಥೆಗಳನ್ನು ಬುಕ್‌ಲೆಟ್ ಮಾಡಿದರೆ ಚಿತ್ರ ಚಿಕ್ಕದಾಗಿ ಮೇಲೆ ಕೆಳಗೆ ಬಿಳಿ ಜಾಗ ಉಳಿಯುತ್ತದೆ. ಅಂಥವನ್ನು ಎ4 ಹಾಳೆಗೆ ಒಂದರಂತೆ ತೆಗೆಸಿ, ಎಡ ಅಂಚಿಗೆ ಹೊಲಿಯಿರಿ. ತುಸು ದಪ್ಪನೆಯ 100 ಜಿಎಸ್‌ಎಂ ಹಾಳೆ ಹಾಕಿಸಿದರೆ ಹಿಂದಿನ ಪುಟದ ಬಣ್ಣ ಕಾಣುವುದಿಲ್ಲ. ಮಧ್ಯದ ಮಡಿಕೆಗೆ ಮಾಮೂಲಿ ಸ್ಟೇಪ್ಲರ್ ಎಟುಕುವುದಿಲ್ಲ. ದಬ್ಬಳದಿಂದ ಮೂರು ತೂತು ಮಾಡಿ, ದಪ್ಪ ದಾರವನ್ನು ನಡುವಿನ ತೂತಿನಲ್ಲಿ ಒಳಹಾಕಿ, ಮೇಲೆ ಕೆಳಗೆ ಎಳೆದು, ಮತ್ತೆ ನಡುವಿಗೆ ತಂದು ಗಂಟು ಹಾಕಿ. ಪಿನ್ನಿಗಿಂತ ಇದೇ ಸಣ್ಣ ಮಕ್ಕಳ ಬಾಯಿಗೆ ಕ್ಷೇಮ.

ಮೂರು ನಾಲ್ಕು ಮನೆಯವರು ಸೇರಿದರೆ ಡಬ್ಬಿಯನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡಿಕೊಳ್ಳಬಹುದು. ಒಳರಕ್ಷಾಪುಟದಲ್ಲಿ ಮನೆಯ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿರಲಿ, ಡಬ್ಬಿಯ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿರಲಿ. ಬೇರೆ ಊರಿನ ನೆಂಟರ ಮಕ್ಕಳಿಗೆ ಕಳಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ. 2025ರ ಮೇ 1ರಂದು ಶುರುವಾದಾಗ ಅದರ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಪಾರ್ಸೆಲ್ ಎಲ್ಲಿದೆ ಎಂದು ನೋಡಬಹುದು, ಆದರೆ ಭೂಮಾರ್ಗವಾದ್ದರಿಂದ ನಿಧಾನ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಹಾಗಾಗಿ ಮನೆಯಲ್ಲಿ ಹೊಲಿದ ಪುಸ್ತಕವನ್ನು ಅದರಲ್ಲಿ ಸೇರಿಸಬೇಡಿ. ನಿಯತಕಾಲಿಕೆ, ಜಾಹೀರಾತಿನ ಪುಸ್ತಿಕೆಗಳಿಗೂ ಈ ದರ ಅನ್ವಯಿಸುವುದಿಲ್ಲ. ಹತ್ತಿರದ ಪ್ರಧಾನ ಅಥವಾ ಉಪ ಅಂಚೆ ಕಚೇರಿಗೆ ಹೋಗಿ, ಕಟ್ಟುವ ಮೊದಲೇ ಪುಸ್ತಕಗಳನ್ನು ಕೌಂಟರಿನಲ್ಲಿ ತೋರಿಸಿ ಕೇಳಿದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ.